ಮೊರದೊಳಗಿನ ಕಲ್ಲು

ಮೊದಲಿಗೇ ಒಂದು ತಪ್ಪೊಪ್ಪಿಗೆ. ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಬಿಚ್ಚದೆ ಬಿದ್ದಿರಲು, ಕನ್ನಡದಲ್ಲಿ ಎಂ.ಎ. ಮಾಡಿ ಹಳಗನ್ನಡ ವ್ಯಾಕರಣವನ್ನು ಬೋಧಿಸಿ ಅನ್ನ ಸಂಪಾದಿಸುವ ಗೃಹಸ್ಥನೊಬ್ಬನು ಅಂಗೈಯಗಲದ ಆಟದ ಯಂತ್ರವನ್ನು ಹಿಡಿದು, ಅದರೊಳಗೆ ಕಾಣೆಯಾದ ಕತ್ತರಿಯೊಂದನ್ನು ರಾತ್ರಿ ಹನ್ನೊಂದರವರೆಗೆ ಹುಡುಕುತ್ತ ಕುಳಿತಿದ್ದನೆಂದರೆ ವಾಚಕರು ನಂಬುವರೆ? ನಂಬಲೇಬೇಕು; ಏಕೆಂದರೆ ಆ ಗೃಹಸ್ಥನು ನಾನೇ.

ಇದು ನಡೆದದ್ದು ಡಂಬಳದಲ್ಲಿ, ಕಳೆದ ಬೇಸಿಗೆಯ ರಜೆಯಲ್ಲಿ. ಗದಗಿನಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಕಪ್ಪತಗುಡ್ಡದ ಸೀಮೆಯಲ್ಲಿರುವ ಈ ಊರು ನನ್ನ ಹುಟ್ಟೂರು. ಅಲ್ಲಿಯ ಹಳೆಯ ಮನೆಯಲ್ಲಿ ನಮ್ಮ ಅವ್ವ ಇದ್ದಾಳೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗಳು, ಹನ್ನೊಂದು ವರ್ಷದವಳು, ರಜೆಗೆಂದು ಬರುವಾಗ ತನ್ನ ಚೀಲದಲ್ಲಿ ನಿಂಟೆಂಡೊ ಡಿ.ಎಸ್. ಎಂಬ ಯಂತ್ರವನ್ನು ತಂದಿದ್ದಳು. 2004ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಮಾದರಿಯದು. ಅದರ ತಯಾರಿಕೆ ನಿಂತು ಎಷ್ಟೋ ವರ್ಷಗಳಾದವು. ಅಮೆರಿಕದಲ್ಲಿರುವ ಅವಳ ಚಿಕ್ಕಪ್ಪನ ಮಕ್ಕಳು ಆಡಿ ಬಿಟ್ಟದ್ದು ಇವಳ ಪಾಲಿಗೆ ಬಂದಿತ್ತು. ಪುಸ್ತಕದಂತೆ ತೆರೆಯುವ ಎರಡು ಪುಟ್ಟ ಪರದೆಗಳು. ಕೆಳಗಿನ ಪರದೆಯನ್ನು ಮುಟ್ಟಲು ಒಂದು ಸಣ್ಣ ಕಡ್ಡಿ. ಬಳಪದ ಕಡ್ಡಿಯನ್ನು ಕಂಡ ನಮ್ಮಂಥವರಿಗೆ ಹೊಸತೆನಿಸದ ಸಾಧನ.

ಆಟದ ಹೆಸರು 'ಮಿಸ್ಟರಿ ಕೇಸ್ ಫೈಲ್ಸ್: ಮಿಲಿಯನ್‌ಹೇರ್'; 2008ರದು. ಕಥೆ ಸರಳ. ಕೋಟ್ಯಧೀಶನೊಬ್ಬನು ಕಾಣೆಯಾಗಿದ್ದಾನೆ, ಅವನ ಆಸ್ತಿಗೆ ನಿಜವಾದ ವಾರಸುದಾರರು ಯಾರೆಂಬುದನ್ನು ಪತ್ತೆಹಚ್ಚಬೇಕು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಾದರೆ ಇಂಥ ಸಂದರ್ಭದಲ್ಲಿ ಕಳ್ಳರ ಬೆನ್ನು ಹತ್ತಿ ಓಡುತ್ತಿದ್ದನು. ಇಲ್ಲಿಯ ಪತ್ತೇದಾರನಿಗೆ ಓಟವಿಲ್ಲ, ನೋಟವೊಂದೇ ಕೆಲಸ. ಸಾಮಾನು ತುಂಬಿ ತುಳುಕುವ ಕೋಣೆಯ ಚಿತ್ರವೊಂದು ಎದುರಿಗೆ ಬರುತ್ತದೆ. ಪಕ್ಕದಲ್ಲಿ ಯಾದಿ: ಕೊಡೆ, ಬೀಗದ ಕೈ, ಚಿಟ್ಟೆ, ಕತ್ತರಿ. ಅವೆಲ್ಲ ಚಿತ್ರದಲ್ಲಿಯೇ ಇವೆ. ಕೊಡೆಯು ಕಂಬದ ನೆರಳಿನಂತೆ ನಿಂತಿರುತ್ತದೆ. ಚಿಟ್ಟೆಯು ಪರದೆಬಟ್ಟೆಯ ಹೂವುಗಳ ನಡುವೆ ಹೂವೇ ಆಗಿರುತ್ತದೆ. ಗಡಿಯಾರವು ಓಡುತ್ತಿರುತ್ತದೆ. ಸಿಕ್ಕಸಿಕ್ಕಲ್ಲಿ ಕಡ್ಡಿಯಿಂದ ಕುಟ್ಟೋಣವೆಂದರೆ ದಂಡವಾಗಿ ಸಮಯ ಕಡಿತವಾಗುತ್ತದೆ. ಊಹೆಗೆ ಶಿಕ್ಷೆ, ನೋಟಕ್ಕೆ ಬಹುಮಾನ! ನಮ್ಮ ಪರೀಕ್ಷಾಪದ್ಧತಿಯಲ್ಲಿಯೂ ಈ ನಿಯಮವಿದ್ದಿದ್ದರೆ ನನ್ನ ಮೇಜಿನ ಮೇಲಿನ ಕಟ್ಟು ಎಷ್ಟು ತೆಳ್ಳಗಾಗುತ್ತಿತ್ತೋ!

ಇಂಥ ಹುಡುಕಾಟವೇನೂ ಯಂತ್ರದೊಡನೆ ಹುಟ್ಟಿದ್ದಲ್ಲ. ಅಮೆರಿಕದ 'ಹೈಲೈಟ್ಸ್' ಎಂಬ ಮಕ್ಕಳ ಪತ್ರಿಕೆ 1946ರಲ್ಲಿ ಆರಂಭವಾದಂದಿನಿಂದ ಅಡಗುಚಿತ್ರಗಳನ್ನು ಅಚ್ಚುಹಾಕಿ ಮಕ್ಕಳನ್ನು ಮರುಳುಮಾಡಿತು. 1987ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಹ್ಯಾಂಡ್‌ಫೋರ್ಡ್ ಎಂಬ ಚಿತ್ರಕಾರನು ಕೆಂಪು-ಬಿಳಿ ಪಟ್ಟೆಯಂಗಿಯ ವಾಲಿ ಎಂಬ ಮನುಷ್ಯನನ್ನು ಜನಜಾತ್ರೆಯ ಚಿತ್ರಗಳಲ್ಲಿ ಮರೆಸಿಟ್ಟು ಲೋಕವನ್ನೆಲ್ಲ ಹುಡುಕಹಚ್ಚಿದನು. 2005ರಲ್ಲಿ ಈ 'ಕೇಸ್ ಫೈಲ್ಸ್' ಮಾಲೆಯ ಮೊದಲ ಆಟವು ಗಣಕಯಂತ್ರಕ್ಕೆ ಬಂದಿತು. ಅದಕ್ಕೂ ಬಹಳ ಹಿಂದೆ, 1901ರಲ್ಲಿ ಪ್ರಕಟವಾದ ಕಿಪ್ಲಿಂಗನ 'ಕಿಮ್' ಕಾದಂಬರಿಯಲ್ಲಿ, ಸಿಮ್ಲೆಯ ರತ್ನವ್ಯಾಪಾರಿಯೊಬ್ಬನು ತಟ್ಟೆಯಲ್ಲಿ ಹರಳುಗಳನ್ನು ಹರಡಿ, ಕ್ಷಣಕಾಲ ತೋರಿಸಿ ಮುಚ್ಚಿ, ಕಂಡದ್ದೇನೆಂದು ಹುಡುಗನನ್ನು ಕೇಳುತ್ತಾನೆ. ಗುಪ್ತಚರನ ತರಬೇತಿ ಅಲ್ಲಿಂದಲೇ ಮೊದಲಾಗುತ್ತದೆ.

ನನ್ನನ್ನು ಕಟ್ಟಿಹಾಕಿದ್ದು ಆಟದ ಭಾಷೆಯ ತುಂಟತನ. ಯಾದಿಯಲ್ಲಿ 'ಬ್ಯಾಟ್' ಎಂದಿದ್ದರೆ ಅದು ಚೆಂಡಾಟದ ದಾಂಡೋ, ಸೂರಿಗೆ ಜೋತುಬಿದ್ದ ಬಾವಲಿಯೋ? 'ಬೋ' ಎಂದರೆ ಬಿಲ್ಲೋ, ಪಿಟೀಲಿನ ಕಮಾನೋ, ಹುಡುಗಿಯ ಜಡೆಯ ರಿಬ್ಬನ್ನಿನ ಗಂಟೋ? ನಮ್ಮ ಆಲಂಕಾರಿಕರು ಶ್ಲೇಷೆಯೆಂದು ಹೆಸರಿಟ್ಟು ಗ್ರಂಥಗಳಲ್ಲಿ ವಿವರಿಸಿದ್ದನ್ನು ಈ ಯಂತ್ರವು ಕಡ್ಡಿಯ ತುದಿಯಲ್ಲಿ ಕಲಿಸುತ್ತದೆ. ದಾಂಡನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಕಣ್ಣೆದುರಿನ ಬಾವಲಿ ಕಾಣುವುದಿಲ್ಲ. ಈ ತತ್ತ್ವವನ್ನು ಸೊಸೆಗೆ ಗಂಭೀರವಾಗಿ ವಿವರಿಸಿದೆ. ಅವಳು ಕೇಳುತ್ತ ಕೇಳುತ್ತಲೇ ಬಾವಲಿಯನ್ನು ಮುಟ್ಟಿಬಿಟ್ಟಳು.

ನಾನು ಸೋತು, ನನ್ನ ಪಾಂಡಿತ್ಯಕ್ಕೆ ಅನುಕೂಲವಾದ ಬಯಲಿಗೆ ಅವಳನ್ನು ಕರೆದೊಯ್ದೆ. ದೊಡ್ಡಬಸಪ್ಪನ ಗುಡಿಗೆ. ಅವ್ವನೂ ಜೊತೆಗೆ ಬಂದಳು.

ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯ ಗರ್ಭಗೃಹವು ನಕ್ಷೆಯಲ್ಲಿ 24 ಮೂಲೆಗಳ ನಕ್ಷತ್ರ. ಸುತ್ತಿ ನೋಡಿದರೆ ಗುಂಡಗಿರುವಂತೆ ತೋರುತ್ತದೆ. "ಇದರಲ್ಲಿ ಒಂದು ಚೌಕ ಅಡಗಿದೆ, ಹುಡುಕು" ಎಂದೆ. ಹುಡುಗಿ ತಬ್ಬಿಬ್ಬಾದಳು. ನೆಲದ ಧೂಳಿನಲ್ಲಿ ಚೌಕವೊಂದನ್ನು ಬರೆದು ತೋರಿಸಿದೆ: ನಡುವಿನ ಬಿಂದುವನ್ನು ಕದಲಿಸದೆ ಅದನ್ನು 15 ಡಿಗ್ರಿಗಳಷ್ಟು ತಿರುಗಿಸು, ಮತ್ತೆ 15, ಮತ್ತೆ 15. ಹೀಗೆ ಆರು ಚೌಕಗಳಾದಾಗ, ಒಂದೊಂದಕ್ಕೆ ನಾಲ್ಕರಂತೆ ಮೂಲೆಗಳು ಇಪ್ಪತ್ತನಾಲ್ಕು. ಚೌಕವು ತಿರುಗಿ ತಿರುಗಿ ನಕ್ಷತ್ರವಾಯಿತು. ಹುಡುಗಿಯ ಕಣ್ಣರಳಿತು, ನನ್ನ ಎದೆಯುಬ್ಬಿತು.

ಅದೇ ಹುಮ್ಮಸ್ಸಿನಲ್ಲಿ ಇನ್ನೊಂದು ಪತ್ತೇದಾರಿಯನ್ನೂ ಹೇಳಿದೆ. ಶಾಸನಗಳಲ್ಲಿ ಈ ಊರಿನ ಹೆಸರು ಧರ್ಮವೊಳಲು. ಶಕವರ್ಷ 1017ರ, ಎಂದರೆ ಕ್ರಿ.ಶ. 1095ರ ಸುಮಾರಿನ, ಆರನೆಯ ವಿಕ್ರಮಾದಿತ್ಯನ ಕಾಲದ ಶಾಸನವೊಂದನ್ನು ಫ್ಲೀಟ್ ಎಂಬ ವಿದ್ವಾಂಸನು ಓದಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯ 1881ರ ಸಂಪುಟದಲ್ಲಿ ಪ್ರಕಟಿಸಿದನು. ಈ ಊರಿನ ಹದಿನಾರು ಮಂದಿ ಸೆಟ್ಟಿಗಳು ಇಲ್ಲಿ ಬೌದ್ಧವಿಹಾರವನ್ನು ಕಟ್ಟಿಸಿದರೆಂದೂ, ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಸೆಟ್ಟಿಯೊಬ್ಬನು ತಾರಾದೇವಿಗೆ ಇನ್ನೊಂದು ವಿಹಾರವನ್ನು ಕಟ್ಟಿಸಿದನೆಂದೂ ಅದು ಹೇಳುತ್ತದೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸಂಕೋಲೆ, ನೀರು, ಪಿಶಾಚಿ, ಈ ಎಂಟು ಭಯಗಳಿಂದ ಕಾಯುವ ದೇವತೆ ಆ ತಾರೆ. ಇಂದು ಊರೆಲ್ಲ ಸುತ್ತಿದರೂ ಇಡಿಯಾಗಿ ನಿಂತ ವಿಹಾರವೊಂದು ಕಣ್ಣಿಗೆ ಬೀಳದು. ಯಾದಿಯಲ್ಲಿ ಹೆಸರುಂಟು, ಚಿತ್ರದಲ್ಲಿ ವಸ್ತುವಿಲ್ಲ. "ನಿನ್ನ ಯಂತ್ರದಲ್ಲಿ ಇಂಥ ಒಗಟು ಇದೆಯೆ?" ಎಂದು ನಾನು ಕೇಳುತ್ತಿರುವಾಗಲೇ ಹಿಂದೆ ಧೊಪ್ಪೆಂದು ಸದ್ದಾಯಿತು.

ಅವ್ವ ಮೆಟ್ಟಿಲೊಂದನ್ನು ತಪ್ಪಿ ಬಿದ್ದಿದ್ದಳು. ದೈವವಶಾತ್ ಎಲುಬಿಗೆ ಏನೂ ಆಗಲಿಲ್ಲ. ಹೆಬ್ಬೆರಳು ಜಜ್ಜಿ ರಕ್ತ ಬಂದಿತ್ತು. ನಾನು ಅವಳನ್ನು ಎಬ್ಬಿಸುತ್ತ ಎಲ್ಲ ಮಕ್ಕಳೂ ಆಡುವ ಮಾತನ್ನೇ ಆಡಿದೆ: "ನೋಡಿ ನಡೀಬಾರದೇನವ್ವಾ?"

"ನೋಡೇ ನಡದೆ ತಮ್ಮಾ," ಎಂದಳು ಅವ್ವ. "ಮೆಟ್ಟಲಾ ಅಲ್ಲಿ ಇರಲೇ ಇಲ್ಲ."

ಮುದುಕಿಯ ಮಾತೆಂದು ನಾನು ನಕ್ಕೆ.

ಅಂದು ಸಂಜೆ ಕಾಲಿಗೆ ಅರಿಸಿನ ಮೆತ್ತಿಕೊಂಡು ಕುಳಿತ ಅವ್ವನು ನಮ್ಮ ಆಟವನ್ನು ಕಂಡು, "ಮಾವ ಸೊಸಿ ಕೂಡಿ ಏನ ಹುಡುಕಾಕತ್ತೀರಿ?" ಎಂದಳು. ಹುಡುಗಿ ವಿವರಿಸಿದಳು. ಅವ್ವನಿಗೆ ನಗು ಬಂದಿತು. "ಇದೇನ ಹೊಸಾ ಆಟ ಆತ? ನಾ ದಿನಾ ಮೊರದಾಗ ಆಡೂದ ಇದು."

ಆ ಮಾತು ದಿಟ. ನಮ್ಮ ಓಣಿಯಲ್ಲಿ ಕಾಳು ಹಸನು ಮಾಡುವುದರಲ್ಲಿ ಅವ್ವನನ್ನು ಮೀರಿಸಿದವರಿರಲಿಲ್ಲ. ಹೆಸರುಕಾಳಿನ ನಡುವೆ ಹೆಸರುಕಾಳಿನದೇ ಗಾತ್ರದ ಹಸಿರು ಕಲ್ಲು ಇರುತ್ತದೆಯಲ್ಲ, ಅದನ್ನು ಎರಡು ಬೆರಳಿನಲ್ಲಿ ಎತ್ತಿ ಎಸೆಯುವಾಗ ಅವಳು ನೆರೆಮನೆಯವಳ ಮಾತಿಗೆ ಉತ್ತರ ಕೊಡುವುದನ್ನೂ ನಿಲ್ಲಿಸುತ್ತಿರಲಿಲ್ಲ. ಮೊರವೇ ಪರದೆ, ಬೆರಳೇ ಕಡ್ಡಿ. ಗಡಿಯಾರದ ಬದಲು ಒಲೆಯ ಮೇಲೆ ಕುದಿಯುವ ನೀರು.

ಯಂತ್ರವು ಅವಳ ಕೈಗೆ ಹೋಯಿತು. ಹುಡುಗಿ ಇಂಗ್ಲಿಷ್ ಯಾದಿಯನ್ನು ಕನ್ನಡಿಸಿ ಹೇಳುವುದು, ಅಜ್ಜಿ ಹುಡುಕುವುದು. ಮೊದಲ ಚಿತ್ರದಲ್ಲಿಯೇ ಅವ್ವನು ನಮ್ಮಿಬ್ಬರನ್ನೂ ನಾಚಿಸಿದಳು. ಮಾಡದ ಮೇಲಿನ ಬೀಗದ ಕೈ, ಚಿತ್ರದ ಚೌಕಟ್ಟಿನೊಳಗಿನ ಹಲ್ಲಿ, ದೀಪದ ಬುರುಡೆಯ ಮೇಲಿನ ಚಿಟ್ಟೆ, ಒಂದಾದ ಮೇಲೊಂದು ಸಿಕ್ಕವು. ಆದರೆ ಮೂರು ವಸ್ತುಗಳು ಉಳಿದವು. ಮರುದಿನವೂ ಮೂರು ನಾಲ್ಕು ಉಳಿದವು. ಅದರ ಮರುದಿನವೂ ಹಾಗೆಯೇ.

ಮೂರನೆಯ ರಾತ್ರಿ ಹುಡುಗಿ ನನ್ನ ಬಳಿಗೆ ಬಂದು ಮೆಲ್ಲಗೆ ಹೇಳಿದಳು: "ಮಾಮ, ಅಜ್ಜಿಗೆ ಮೇಲಿರೋದೆಲ್ಲ ನನಗಿಂತ ಬೇಗ ಸಿಗುತ್ತೆ. ಕೆಳಗಿರೋದು ಸಿಗೋದೇ ಇಲ್ಲ."

"ಕೈ ಅಡ್ಡ ಬರುತ್ತಿರಬೇಕು" ಎಂದೆ.

"ಅದನ್ನೂ ನೋಡಿದೆ. ಅಜ್ಜಿ ಕೈಯಲ್ಲಿ ಕಡ್ಡಿ ಕೊಡದೆ, ನಾನೇ ಹಿಡಿದು ತೋರಿಸಿದೆ. ಆಮೇಲೆ ಯಂತ್ರಾನ ತಲೆಕೆಳಗೆ ಹಿಡಿದೆ. ಆಗ ಕೆಳಗಿದ್ದದ್ದೆಲ್ಲ ತಕ್ಷಣ ಸಿಕ್ಕಿತು. ಮೇಲಿದ್ದು ಕೆಳಗೆ ಬಂತಲ್ಲ, ಅದು ಸಿಗಲಿಲ್ಲ."

ವಾಚಕರೇ, ಪತ್ತೇದಾರಿ ಕಾದಂಬರಿಗಳ ಕೊನೆಯ ಅಧ್ಯಾಯದಲ್ಲಿ ಪತ್ತೇದಾರನು ಎಲ್ಲರನ್ನೂ ಕೂಡಿಸಿ ಸುಳಿವುಗಳನ್ನು ಒಂದೊಂದಾಗಿ ಬಿಡಿಸಿಡುತ್ತಾನಲ್ಲವೆ? ಆ ರಾತ್ರಿ ಉತ್ತರಪತ್ರಿಕೆಗಳ ಮುಂದೆ ಕುಳಿತು ನಾನು ಆ ಕೆಲಸವನ್ನು ನನ್ನೊಳಗೇ ಮಾಡಿದೆ. ಒಂದು: ದೀಪಾವಳಿಗೆ ಬಂದಾಗ ಹೆಸರುಕಾಳಿನ ಪಲ್ಯದಲ್ಲಿ ಹಲ್ಲಿಗೆ ಕಲ್ಲು ಸಿಕ್ಕಿತ್ತು, ನಾನು ಅಂಗಡಿಯವನನ್ನು ಬೈದಿದ್ದೆ. ಕಲ್ಲು ಉಳಿದದ್ದು ಮೊರದ ಕೆಳಗಿನ ಅಂಚಿನಲ್ಲಿ, ಅವಳ ಮಡಿಲ ಕಡೆಗೆ. ಎರಡು: ನೆಲದ ಮೇಲಿಟ್ಟ ನೀರಿನ ಲೋಟವನ್ನು ಅವಳು ಮೇಲಿಂದ ಮೇಲೆ ಎಡವಿ ಚೆಲ್ಲುತ್ತಿದ್ದಳು. ಮೂರು: ನಲವತ್ತು ವರ್ಷ ದಾಟಿದ ಹೊಸ್ತಿಲು ಅವಳ ಬೆರಳನ್ನು ಪದೇ ಪದೇ ಕಚ್ಚತೊಡಗಿತ್ತು. ನಾಲ್ಕು: ಜಪದ ಬಾವಿಯ ಮೆಟ್ಟಿಲಿಳಿಯುವುದನ್ನು ಅವಳು ತಾನಾಗಿಯೇ ಬಿಟ್ಟಿದ್ದಳು; ಮೊಣಕಾಲು ನೋವೆಂದು ನಾನೇ ಕಾರಣ ಕಲ್ಪಿಸಿದ್ದೆ. ಐದು: ಗುಡಿಯ ಮೆಟ್ಟಿಲು. ಯಾವುದೂ ಅಡಗಿರಲಿಲ್ಲ. ಎಲ್ಲವೂ ಚಿತ್ರದಲ್ಲಿಯೇ ಇದ್ದವು. ಆದರೆ ನನ್ನ ಯಾದಿಯಲ್ಲಿ ಅವುಗಳಿಗೆ 'ವಯಸ್ಸು' ಎಂಬ ಒಂದೇ ಹೆಸರಿತ್ತು. ಆ ಹೆಸರಿನಿಂದ ಅವುಗಳನ್ನು ಗುರುತುಹಾಕಿ ಮುಂದೆ ಸಾಗಿದ್ದೆ.

ಕಣ್ಣಿರುವವರ ಈ ಕುರುಡನ್ನು ಮನಶ್ಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. 1999ರಲ್ಲಿ ಸೈಮನ್ಸ್ ಮತ್ತು ಷಾಬ್ರಿಸ್ ಎಂಬವರು, ಚೆಂಡನ್ನು ಎಷ್ಟು ಸಲ ಎಸೆದಾಡಿದರೆಂಬುದನ್ನು ಎಣಿಸಿರೆಂದು ಹೇಳಿ ಜನರಿಗೊಂದು ಚಲಚ್ಚಿತ್ರವನ್ನು ತೋರಿಸಿದರು. ಆಟಗಾರರ ನಡುವೆ ಗೊರಿಲ್ಲದ ವೇಷ ತೊಟ್ಟವರೊಬ್ಬರು ಬಂದು ನಿಂತು ಎದೆ ಬಡಿದುಕೊಂಡು ಹೋದರೂ, ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಕಾಣಲಿಲ್ಲ. ಸಾಮಾನ್ಯರ ಮಾತು ಬಿಡಿ. 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಶ್ವಾಸಕೋಶದ ಚಿತ್ರಗಳಲ್ಲಿ ಗಂಟುಗಳನ್ನು ಹುಡುಕಲು ತಜ್ಞವೈದ್ಯರಿಗೆ ಹೇಳಿ, ಒಳಗೊಂದು ಗೊರಿಲ್ಲದ ಚಿತ್ರವನ್ನು ಸೇರಿಸಲಾಗಿತ್ತು. 24 ಮಂದಿಯಲ್ಲಿ 20 ಮಂದಿ ಅದನ್ನು ಕಾಣಲಿಲ್ಲ. ಹುಡುಕುವವನ ಕಣ್ಣು ಹುಡುಕುವುದನ್ನೇ ಕಾಣುತ್ತದೆ. ನಾನು ಆರು ಚೌಕಗಳನ್ನು ಎಣಿಸುತ್ತಿದ್ದೆ. ನನ್ನ ಬೆನ್ನ ಹಿಂದೆ ಅವ್ವ ಬಿದ್ದಳು.

ಮರುವಾರ ಅವಳನ್ನು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಹುಡುಗಿ ತಾನೂ ಬರುವೆನೆಂದು ಹಟಹಿಡಿದಳು. ಸಾಕ್ಷಿ ಹೇಳಬೇಕಾದವಳು ಅವಳೇ ತಾನೆ? ಗೋಡೆಯ ಮೇಲಿನ ಅಕ್ಷರದ ಫಲಕವನ್ನು ಅವ್ವ ಸರಾಗವಾಗಿ ಓದಿದಳು. ವರ್ಷದ ಹಿಂದೆ ಒಂದು ಕನ್ನಡಕದ ಅಂಗಡಿಯಲ್ಲಿಯೂ ಹೀಗೆಯೇ ಓದಿಸಿ, ಚಾಳೀಸು ಬದಲಿಸಿ, 'ಕಣ್ಣು ಚೆನ್ನಾಗಿದೆ' ಎಂದು ಕಳುಹಿಸಿದ್ದರು. ಆದರೆ ಈ ವೈದ್ಯೆ ಅಷ್ಟಕ್ಕೆ ಬಿಡಲಿಲ್ಲ. ಕಣ್ಣಿನ ಒತ್ತಡವನ್ನು ಅಳೆದರು. ಔಷಧದ ಹನಿ ಹಾಕಿ ಪಾಪೆಯನ್ನು ಅಗಲಿಸಿ ಒಳಗಿನ ನರವನ್ನು ನೋಡಿದರು. ಇನ್ನೊಂದು ದಿನ ಕರೆಸಿ ಬೋಗುಣಿಯಂಥ ಯಂತ್ರವೊಂದರ ಮುಂದೆ ಕೂಡಿಸಿದರು. ಒಂದು ಕಣ್ಣನ್ನು ಮುಚ್ಚಿ ಇನ್ನೊಂದರಿಂದ ನಡುವಿನ ಚುಕ್ಕೆಯನ್ನೇ ದಿಟ್ಟಿಸಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗಿದಾಗಲೆಲ್ಲ ಕೈಯೊಳಗಿನ ಗುಂಡಿಯನ್ನು ಒತ್ತಬೇಕು. "ಇದೂ ಆಟಾನ ಏನವಾ?" ಎಂದು ಅವ್ವ ಕೇಳಿದಳು. ಕಾಗದದ ಮೇಲೆ ಬಂದ ಫಲಿತಾಂಶದಲ್ಲಿ ಎರಡು ಕಣ್ಣಿನ ಕೆಳಭಾಗವೂ ಕಪ್ಪಾಗಿತ್ತು.

ರೋಗದ ಹೆಸರು ಗ್ಲಾಕೋಮಾ. ಕಣ್ಣಿನೊಳಗೆ ಸದಾ ಹುಟ್ಟಿ ಹರಿದುಹೋಗುವ ದ್ರವವೊಂದಿದೆ. ಅದು ಸರಿಯಾಗಿ ಹರಿದುಹೋಗದಿದ್ದಾಗ ಒತ್ತಡ ಏರಿ, ಕಣ್ಣಿನಿಂದ ಮೆದುಳಿಗೆ ಹೋಗುವ ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ನಡುವಿನ ನೋಟ ಬಹುಕಾಲ ಚೆನ್ನಾಗಿಯೇ ಇರುವುದರಿಂದ ಅಕ್ಷರದ ಫಲಕವು ಏನನ್ನೂ ಹೇಳದು. ಕಣ್ಣಿನ ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳುತ್ತದೆ. ಇದರಲ್ಲಿ ಹೋದದ್ದು ಹೋದದ್ದೇ. ದಿನವೂ ಹನಿ ಹಾಕುತ್ತಿದ್ದರೆ ಉಳಿದದ್ದನ್ನು ಕಾಯ್ದುಕೊಳ್ಳಬಹುದು, ಅಷ್ಟೆ.

"ಇಷ್ಟು ಭಾಗ ಕಾಣದೆ ಹೋದರೆ ಅವಳಿಗೆ ಗೊತ್ತಾಗಬೇಡವೆ?" ಎಂದು ನಾನು ಕೇಳಿದೆ. ಆಟದಲ್ಲಿ ಕತ್ತಲಕೋಣೆಯ ಚಿತ್ರಗಳುಂಟು. ಕಡ್ಡಿಯೂರಿದಲ್ಲಿ ಮಾತ್ರ ದೀಪದ ದುಂಡುಬೆಳಕು, ಸುತ್ತಲೂ ಕಪ್ಪು. ಅವ್ವನ ನೋಟವೂ ಹಾಗಿರಬೇಕೆಂದು ನಾನು ಊಹಿಸಿದ್ದೆ. ವೈದ್ಯೆ ತಲೆಯಾಡಿಸಿದರು. ಕಪ್ಪು ಕಾಣುವುದಿಲ್ಲವಂತೆ. ಕಾಣದ ಭಾಗವನ್ನು ಮೆದುಳು ಸುತ್ತಲಿನ ಬಣ್ಣದಿಂದಲೇ ತೇಪೆಹಾಕಿ ಮುಚ್ಚಿಬಿಡುತ್ತದೆ. ಮೆಟ್ಟಿಲಿದ್ದ ಜಾಗದಲ್ಲಿ ಅವಳಿಗೆ ಕತ್ತಲೆ ಕಂಡಿರಲಿಲ್ಲ. ಸಮತಲವಾದ ಹಾಸುಗಲ್ಲು ಕಂಡಿತ್ತು. ಕಣ್ಣನ್ನು ಕೆಳಗಿಳಿಸಿದ್ದರೆ ಮೆಟ್ಟಿಲು ಕಾಣುತ್ತಿತ್ತು. ಇಳಿಸಬೇಕೆಂಬ ಸೂಚನೆಯನ್ನು ಕಣ್ಣೇ ಕೊಡುವುದಿಲ್ಲ. 'ಮೆಟ್ಟಲಾ ಅಲ್ಲಿ ಇರಲೇ ಇಲ್ಲ' ಎಂದು ಅವ್ವ ಹೇಳಿದ್ದು ಮುದುಕಿಯ ಮಾತಲ್ಲ, ಅಕ್ಷರಶಃ ಸಾಕ್ಷ್ಯ. ಶಾಸನದ ಸವೆದ ಅಕ್ಷರವನ್ನು ಓರೆಬೆಳಕಿನಲ್ಲಿ ನೋಡಿ ಪಾಠಾಂತರ ಚರ್ಚಿಸುವ ನಾನು, ಬಾಯಿಬಿಟ್ಟು ಹೇಳಿದ ಕನ್ನಡ ವಾಕ್ಯದ ಅರ್ಥವನ್ನು ತಿಳಿಯದೆ ಹೋದೆ.

ಹೊರಡುವಾಗ ವೈದ್ಯೆ ನನ್ನನ್ನು ನಿಲ್ಲಿಸಿ, "ನಿಮ್ಮ ಕಣ್ಣನ್ನು ಯಾವಾಗ ತೋರಿಸುತ್ತೀರಿ?" ಎಂದರು. ತಂದೆತಾಯಿಗಳಲ್ಲಾಗಲಿ ಒಡಹುಟ್ಟಿದವರಲ್ಲಾಗಲಿ ಈ ರೋಗವಿದ್ದರೆ ಉಳಿದವರಿಗೂ ಬರುವ ಸಂಭವ ಹೆಚ್ಚಂತೆ. ನಾನೂ ಅಂದೇ ಬೋಗುಣಿಯ ಮುಂದೆ ಕುಳಿತೆ. ಬೆಳಕಿನ ಹನಿಗಳಿಗಾಗಿ ಕಾಯುತ್ತಿರುವಾಗ, ಒಂದೆರಡು ಕ್ಷಣ ಯಾವ ಬೆಳಕೂ ಮೂಡದಿದ್ದಾಗ, ಎದೆ ಹೇಗೆ ಹೊಡೆದುಕೊಂಡಿತೆಂಬುದನ್ನು ಹೇಳಲಾರೆ. ಬೆಳಕು ಮೂಡಿಲ್ಲವೋ, ನನಗೆ ಕಂಡಿಲ್ಲವೋ? ಒಳಗಿದ್ದವನಿಗೆ ಆ ಭೇದ ತಿಳಿಯುವ ಉಪಾಯವಿಲ್ಲ. ನನ್ನ ಕಣ್ಣು ಸದ್ಯಕ್ಕೆ ನೆಟ್ಟಗಿದೆಯೆಂದರು, ಕಾಲಕಾಲಕ್ಕೆ ಬರಬೇಕೆಂದರು. ಬೆಂಗಳೂರಿನ ಅಕ್ಕನಿಗೂ ಅಂದೇ ಫೋನು ಮಾಡಿದೆ.

ಈಗ ರಾತ್ರಿಯ ಊಟವಾದ ಮೇಲೆ ಅವ್ವನ ಕಣ್ಣಿಗೆ ಹನಿ ಹಾಕುವುದು ನೆರೆಮನೆಯ ಹುಡುಗನ ಕೆಲಸ. ಹಾಕಿದನೋ ಇಲ್ಲವೋ ಎಂದು ಗದಗಿನಿಂದ ಫೋನು ಮಾಡಿ ಕೇಳುವುದು ನನ್ನ ಕೆಲಸ. ಹೊಸ್ತಿಲಿಗೂ ಮೆಟ್ಟಿಲಿನ ಅಂಚಿಗೂ ದಪ್ಪನಾದ ಹಳದಿ ಪಟ್ಟಿ ಬಳಿದಿದ್ದೇವೆ. ರಜೆ ಮುಗಿಸಿ ಹೊರಟ ಹುಡುಗಿ ಯಂತ್ರವನ್ನು ಅಜ್ಜಿಯ ಬಳಿಯಲ್ಲಿಯೇ ಬಿಟ್ಟುಹೋದಳು. ಕೋಟ್ಯಧೀಶನ ವಾರಸುದಾರರು ಇನ್ನೂ ಸಿಕ್ಕಿಲ್ಲ. ಯಾದಿಯನ್ನು ಕನ್ನಡಿಸುವವರಿಲ್ಲದೆ ಆಟ ಮುಂದುವರಿಯದು. ಅದಕ್ಕಾಗಿ ನಾನು ಶನಿವಾರ ಸಂಜೆ ಊರಿಗೆ ಹೋಗುತ್ತೇನೆ. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದವನು.

ಮೊನ್ನೆ ಹೋದಾಗ ಅವ್ವ ಕಟ್ಟೆಯ ಮೇಲೆ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದಳು. ಮೊರದ ಮೇಲರ್ಧವನ್ನು ನೋಡಿ ಮುಗಿಸಿ, ಮೊರವನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿ, ಮಡಿಲ ಕಡೆಗಿದ್ದ ಅಂಚನ್ನು ಆಚೆಗೆ ತಂದುಕೊಂಡು, ಮತ್ತೆ ನೋಡತೊಡಗಿದಳು. ಮೊಮ್ಮಗಳು ಯಂತ್ರವನ್ನು ತಿರುಗಿಸಿದ ಉಪಾಯವದು.

"ಊಟಕ್ಕ ಕುಂಡ್ರು ತಮ್ಮಾ," ಎಂದಳು. "ಈ ಸಲ ಕಲ್ಲ ಸಿಗೂದಿಲ್ಲ."

ಸಿಗಲಿಲ್ಲ.